ಹೆದ್ದಾರಿ ತಲುಪುವ ಮುನ್ನ: ಪುತ್ತೂರು, ಸುಳ್ಯ, ಕಡಬದ ಎಳೆಗೂಸುಗಳು ಮತ್ತು ನಮ್ಮ ಹೊಣೆ

2020ರ ಫೆಬ್ರವರಿ 6ರಂದು ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಯಿಂದ ಹೊರಟ ಆಂಬ್ಯುಲೆನ್ಸೊಂದು ಹೃದ್ರೋಗವಿದ್ದ ನಲವತ್ತು ದಿನಗಳ ಹಸುಗೂಸನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ 4 ಗಂಟೆ 20 ನಿಮಿಷಗಳಲ್ಲಿ ತಲುಪಿಸಿದ ಸುದ್ದಿಯನ್ನು ನಾಡು ಇನ್ನೂ ಮರೆತಿಲ್ಲ. ಬಿ.ಸಿ.ರೋಡ್, ಉಪ್ಪಿನಂಗಡಿ, ನೆಲ್ಯಾಡಿ, ಗುಂಡ್ಯ, ಶಿರಾಡಿ ಘಾಟಿ, ಸಕಲೇಶಪುರ, ಹಾಸನ ಹೀಗೆ ಊರಿಂದೂರಿಗೆ ಪೊಲೀಸರೂ ತರುಣರೂ ದಾರಿ ತೆರವು ಮಾಡಿ ನಿಂತರು. ಜಾತಿ, ಮತ, ಪಕ್ಷಗಳ ಮಾತು ಆ ನಾಲ್ಕು ತಾಸು ಯಾರ ಬಾಯಲ್ಲೂ ಬರಲಿಲ್ಲ. ಯಾರದೋ ಮಗು ಎಲ್ಲರ ಮಗುವಾಯಿತು. ಕರಾವಳಿಯ ಕುರಿತು ದಿನಬೆಳಗಾದರೆ ಬೇರೆ ಬಗೆಯ ಸುದ್ದಿಗಳನ್ನೇ ಓದಿ ಬೇಸತ್ತವರಿಗೆ ಅದೊಂದು ತಂಪು.

ಅದಕ್ಕೂ ಹತ್ತು ತಿಂಗಳು ಮೊದಲು, 2019ರ ಏಪ್ರಿಲ್ 16ರಂದು, ಇದೇ ಮಂಗಳೂರಿನಿಂದ ದಕ್ಷಿಣ ದಿಕ್ಕಿಗೆ ಮತ್ತೊಂದು ಆಂಬ್ಯುಲೆನ್ಸ್ ಹೊರಟಿತ್ತು. ಕಾಸರಗೋಡಿನ ದಂಪತಿಯ ಹದಿನೈದು ದಿನಗಳ ಕೂಸು. ಅದಕ್ಕೂ ಹೃದಯದ ತೊಂದರೆ. ತಿರುವನಂತಪುರಕ್ಕೆಂದು ಹೊರಟ ವಾಹನವನ್ನು ಕೇರಳದ ಅಂದಿನ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ ಅವರ ಮಧ್ಯಪ್ರವೇಶದಿಂದ ಕೊಚ್ಚಿಯ ಅಮೃತಾ ಆಸ್ಪತ್ರೆಗೆ ತಿರುಗಿಸಲಾಯಿತು. ಸುಮಾರು ನಾನೂರು ಕಿಲೋಮೀಟರ್ ದಾರಿ, ಐದೂವರೆ ಗಂಟೆಯ ಓಟ. ಅಲ್ಲಿ ಗಮನಿಸಬೇಕಾದದ್ದು ವೇಗವನ್ನಲ್ಲ. ಹುಟ್ಟಿನಿಂದಲೇ ಹೃದ್ರೋಗವಿರುವ ಮಕ್ಕಳನ್ನು ಹೆಸರು ಹಚ್ಚಿ, ಯಾವ ಮಗುವನ್ನು ಯಾವ ಆಸ್ಪತ್ರೆಗೆ ಕಳುಹಿಸಬೇಕೆಂದು ನಿರ್ಧರಿಸಿ, ವೆಚ್ಚವನ್ನೂ ಭರಿಸುವ 'ಹೃದ್ಯಂ' ಎಂಬ ಯೋಜನೆ ಆ ರಾಜ್ಯದಲ್ಲಿ 2017ರಿಂದಲೇ ಇತ್ತು. ಹತ್ತಿರದ ಕೊಚ್ಚಿ ಸಾಕು, ದೂರದ ತಿರುವನಂತಪುರ ಬೇಡ ಎಂದು ಹೇಳಬಲ್ಲವರು ಒಬ್ಬರಿದ್ದರು. ಮಗುವಿನ ದಾರಿಯನ್ನು ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರಿನಷ್ಟು ಕಡಿಮೆ ಮಾಡಿದ್ದು ಚಾಲಕನ ಕಾಲಲ್ಲ, ಆ ಒಂದು ತಿಳಿವಳಿಕೆ.

ಈ ಎರಡೂ ಪ್ರಯಾಣಗಳಲ್ಲಿ ನಮ್ಮ ಕಣ್ಣಿಗೆ ಬೀಳದ ಒಂದು ಸಂಗತಿಯಿದೆ. ಎರಡೂ ಆರಂಭವಾದದ್ದು ಆಸ್ಪತ್ರೆಯಿಂದ. ಮಗುವನ್ನು ವೈದ್ಯರು ನೋಡಿದ್ದರು, ರೋಗ ಇಂಥದೆಂದು ಗೊತ್ತಾಗಿತ್ತು, ಎತ್ತ ಹೋಗಬೇಕೆಂಬುದೂ ತೀರ್ಮಾನವಾಗಿತ್ತು. ಆದರೆ ಅವಧಿಗೆ ಮೊದಲೇ ಹುಟ್ಟಿ ಒಂದೂವರೆ ಕಿಲೋ ತೂಗುವ ಕೂಸು, ಹೃದಯದಲ್ಲಿ ರಂಧ್ರವಿರುವ ಕೂಸು, ಉಸಿರಿನ ಕಾಯಿಲೆಯಿಂದ ಒಮ್ಮೆ ಆಸ್ಪತ್ರೆ ಕಂಡು ಮನೆಗೆ ಬಂದ ಕೂಸು ಇವುಗಳ ಆಪತ್ತು ಆರಂಭವಾಗುವುದು ಮನೆಯಲ್ಲಿ, ಬಹುತೇಕ ರಾತ್ರಿಯಲ್ಲಿ. ಆಗ ಕ್ಯಾಮೆರಾ ಇರುವುದಿಲ್ಲ, ದಾರಿ ಬಿಡಿಸುವ ತರುಣರೂ ಇರುವುದಿಲ್ಲ. ಇರುವವರು ತಾಯಿ ತಂದೆ ಇಬ್ಬರೇ. ಹೆದ್ದಾರಿಯ ನಾಲ್ಕು ಗಂಟೆಗಿಂತ ಮನೆಯಿಂದ ಮೊದಲ ಆಮ್ಲಜನಕದವರೆಗಿನ ಒಂದು ಗಂಟೆಯೇ ಹೆಚ್ಚಿನ ಕೂಸುಗಳ ಪಾಲಿಗೆ ನಿರ್ಣಾಯಕವಾದದ್ದು. ನಮ್ಮ ಸಮಾಜದ ಚಪ್ಪಾಳೆಯೆಲ್ಲ ಹೆದ್ದಾರಿಯ ಮೇಲಿದೆ. ಮೊದಲ ಗಂಟೆಯ ಕಡೆ ನೋಡುವವರು ವಿರಳ.

ಭೂಗೋಳವನ್ನು ತುಸು ನೋಡೋಣ. ಪುತ್ತೂರು ಮಂಗಳೂರಿನಿಂದ ಸುಮಾರು 50 ಕಿಲೋಮೀಟರ್. ಸುಳ್ಯ 85ರ ಆಸುಪಾಸು. ಪುತ್ತೂರು ಮತ್ತು ಸುಳ್ಯ ತಾಲ್ಲೂಕುಗಳ ಗ್ರಾಮಗಳನ್ನು ಕೂಡಿಸಿ ರಚಿಸಿದ ಕಡಬ, ಉಪ್ಪಿನಂಗಡಿಯಿಂದ ಸುಬ್ರಹ್ಮಣ್ಯದ ಕಡೆಗೆ ಒಳಸರಿದ ಹೊಸ ತಾಲ್ಲೂಕು. ಭೂಪಟದಲ್ಲಿ ಇವೇನೂ ದೂರದ ಊರುಗಳಲ್ಲ. ಆದರೆ ಇಲ್ಲಿನ ಮನೆಗಳು ಬಯಲುಸೀಮೆಯ ಊರುಗಳಂತೆ ಒಂದಕ್ಕೊಂದು ಗೋಡೆ ತಾಗಿ ನಿಂತಿರುವುದಿಲ್ಲ. ಅಡಿಕೆ ತೋಟದ ನಡುವೆ ಒಂದು ಮನೆ, ಗುಡ್ಡದ ಆಚೆ ಇನ್ನೊಂದು. ರಸ್ತೆಗೂ ಮನೆಗೂ ನಡುವೆ ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ. ಮಳೆಗಾಲದಲ್ಲಿ ರೋಗಿಗಳನ್ನು ಕುರ್ಚಿಯಲ್ಲೋ ಕಂಬಳಿಯಲ್ಲೋ ಹೊತ್ತು ಸಂಕ ದಾಟಿಸುವ ಚಿತ್ರಗಳು ವರ್ಷವರ್ಷವೂ ಪತ್ರಿಕೆಗಳಲ್ಲಿ ಬರುತ್ತವೆ. ಹೊಸ್ಮಠದಲ್ಲಿ ಎತ್ತರದ ಸೇತುವೆ ಬರುವವರೆಗೆ ಅಲ್ಲಿನ ಹಳೆಯ ಮುಳುಗು ಸೇತುವೆಯ ಮೇಲೆ ನೀರೇರಿತೆಂದರೆ ಕಡಬಕ್ಕೂ ಉಪ್ಪಿನಂಗಡಿಗೂ ಸಂಪರ್ಕವೇ ಕಡಿಯುತ್ತಿತ್ತು. 2022ರ ಆಗಸ್ಟ್ ಆರಂಭದ ಮಳೆಯಲ್ಲಿ ಸುಬ್ರಹ್ಮಣ್ಯ, ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರು, ಕಲ್ಮಕಾರಿನ ಕಡೆ ರಸ್ತೆ ಸೇತುವೆಗಳು ಕೊಚ್ಚಿಹೋದುದನ್ನು ನಾವೆಲ್ಲ ಕಂಡಿದ್ದೇವೆ. 2018ರಲ್ಲಿ ಜೋಡುಪಾಲ, ಮದೆನಾಡುಗಳ ಗುಡ್ಡ ಜರಿದು ಸುಳ್ಯದಿಂದ ಮಡಿಕೇರಿಗೆ ಹೋಗುವ ದಾರಿಯೇ ಇಲ್ಲದಾಗಿತ್ತು. ಮೊಬೈಲ್ ಹಿಡಿದು ಗುಡ್ಡದ ನೆತ್ತಿ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಮನೆಗಳು ಈ ಭಾಗದಲ್ಲಿ ಇನ್ನೂ ಇವೆ. ಅಂಥ ಮನೆಯಿಂದ 108ಕ್ಕೆ ಕರೆ ಮಾಡುವುದೇ ಒಂದು ಪ್ರಯಾಣ.

ದಕ್ಷಿಣ ಕನ್ನಡವೆಂದರೆ ವೈದ್ಯಕೀಯ ಕಾಲೇಜುಗಳ ಜಿಲ್ಲೆ ಎಂಬ ಹೆಸರಿದೆ. ಹೆಸರು ಸುಳ್ಳಲ್ಲ, ಎಂಟು ಕಾಲೇಜುಗಳಿವೆ. ಎಂಟೂ ಖಾಸಗಿ, ಮತ್ತು ಸುಳ್ಯದ ಕೆ.ವಿ.ಜಿ. ಒಂದನ್ನು ಬಿಟ್ಟರೆ ಉಳಿದ ಏಳೂ ಮಂಗಳೂರಿನ ಸುತ್ತಮುತ್ತಲೇ ಇವೆ. ಸರ್ಕಾರದ ವೆನ್ಲಾಕ್ ಆಸ್ಪತ್ರೆ, ಅಲ್ಲಿನ ಮಕ್ಕಳ ಚಿಕಿತ್ಸಾ ಕೇಂದ್ರ, ಹೆರಿಗೆಗೆ ಹೆಸರಾದ ಲೇಡಿ ಗೋಷನ್ ಎಲ್ಲವೂ ಮಂಗಳೂರಿನಲ್ಲೇ. ಕಡಬದಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ, ಪುತ್ತೂರು ಮತ್ತು ಸುಳ್ಯದಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. 2025ರ ಮಾರ್ಚ್‌ನ ರಾಜ್ಯ ಬಜೆಟ್ ಪುತ್ತೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜನ್ನು ಘೋಷಿಸಿತು. ಬಹುಕಾಲದ ಬೇಡಿಕೆಗೆ ಸಿಕ್ಕ ಮನ್ನಣೆ ಅದು, ಸ್ವಾಗತಾರ್ಹ. ಆದರೆ ಕಾಲೇಜಿನ ಕಟ್ಟಡ ಎದ್ದು, ಶಿಶುವೈದ್ಯರು ನೇಮಕವಾಗಿ, ರಾತ್ರಿ ಪಾಳಿಯಲ್ಲಿ ನುರಿತ ದಾದಿಯೊಬ್ಬರು ತೀವ್ರ ನಿಗಾ ಘಟಕದಲ್ಲಿ ನಿಲ್ಲುವವರೆಗೆ ಎಷ್ಟು ಮಳೆಗಾಲಗಳು ಕಳೆಯಬೇಕು? ಅಲ್ಲಿಯವರೆಗೆ ಹುಟ್ಟುವ ಮಕ್ಕಳು ಕಾಯಲಾರವು.

ದಾರಿ ತೆರೆದುಕೊಟ್ಟ ಅದೇ 2020ರಲ್ಲಿ, ಎರಡು ತಿಂಗಳೂ ಕಳೆಯುವ ಮುನ್ನ, ನಾವು ದಾರಿಗೆ ಮಣ್ಣನ್ನೂ ಸುರಿದೆವು ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ಪ್ರಾಮಾಣಿಕತೆಯಾಗದು. ಕೊರೋನಾ ಭಯದಲ್ಲಿ ಕಾಸರಗೋಡಿನ ಕಡೆಯ ಗಡಿರಸ್ತೆಗಳನ್ನು ಮುಚ್ಚಲಾಯಿತು. ಒಳರಸ್ತೆಗಳ ಮೇಲೆ ಮಣ್ಣಿನ ರಾಶಿ ಬಿತ್ತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಆಚೆ ಬದಿಯ ರೋಗಿಗಳು, ಅವರಲ್ಲಿ ಕನ್ನಡವನ್ನೇ ಮನೆಮಾತಾಗಿ ಉಳ್ಳವರೂ, ತಲಪಾಡಿಯಿಂದ ಹಿಂತಿರುಗಿದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವುಗೊಳಿಸಲು ಆದೇಶಿಸಿತು. ಏಪ್ರಿಲ್ 7ರಂದು ಸುಪ್ರೀಂ ಕೋರ್ಟಿನ ಮುಂದೆ, ತುರ್ತು ರೋಗಿಗಳ ಸಾಗಾಟಕ್ಕೆ ಎರಡೂ ರಾಜ್ಯಗಳು ಒಪ್ಪಿದುದು ದಾಖಲಾಯಿತು. ಭಯವಿದ್ದದ್ದು ನಿಜ, ಭಯಕ್ಕೆ ಕಾರಣವೂ ಇತ್ತು. ಆದರೂ ಮಗುವೊಂದಕ್ಕೆ ದಾರಿ ಬಿಡುವ ಗುಣವೂ ದಾರಿ ಕಟ್ಟುವ ಗುಣವೂ ಒಂದೇ ಜನರಲ್ಲಿ ಒಂದೇ ಋತುವಿನಲ್ಲಿ ಕಾಣಿಸಿಕೊಂಡಿತೆಂದರೆ, ಉತ್ಸಾಹವನ್ನೊಂದೇ ನೆಚ್ಚಿಕೊಳ್ಳಬಾರದು, ವ್ಯವಸ್ಥೆ ಬೇಕು ಎಂದೇ ಅರ್ಥ.

ಘಟ್ಟದ ಕೆಳಗಿನ ಈ ಮೂರು ತಾಲ್ಲೂಕುಗಳ ಮಾತು ನಮ್ಮ ಮಠದ ತಾಣದಲ್ಲಿ ಏಕೆ ಎಂದು ಕೆಲವರು ಕೇಳಬಹುದು. ಲಿಂಗಾಯತರು ಇಲ್ಲಿ ಮೂಲನಿವಾಸಿಗಳಾಗಿ ಹೆಚ್ಚಿಲ್ಲ, ನಿಜ. ಆದರೆ ಇಲ್ಲಿನ ಸರ್ಕಾರಿ ಶಾಲೆಗಳ ಹಾಜರಿ ಪುಸ್ತಕ, ಪೊಲೀಸ್ ಠಾಣೆಯ ಪಾಳಿಪಟ್ಟಿ, ಮೆಸ್ಕಾಂನ ಪವರ್‌ಮ್ಯಾನ್‌ಗಳ ಹೆಸರು ಇವನ್ನು ನೋಡಿದರೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರುಗಳೇ ಕಣ್ಣಿಗೆ ಬೀಳುತ್ತವೆ. ಮಳೆಯಲ್ಲಿ ಕಂಬ ಹತ್ತುವ ಹುಡುಗರು ನಮ್ಮ ಊರಿನವರು. ಮದುವೆಯಾಗಿ ಎರಡು ವರ್ಷ, ಬಾಡಿಗೆ ಮನೆ, ಸುತ್ತ ತುಳು ಮತ್ತು ಅರೆಭಾಷೆ, ಹೆತ್ತವರು ಐನೂರು ಕಿಲೋಮೀಟರ್ ದೂರದಲ್ಲಿ. ಹೆರಿಗೆಗೆ ತವರಿಗೆ ಹೋಗಬೇಕೆಂದಿದ್ದ ಹೆಣ್ಣುಮಗಳಿಗೆ ಏಳನೆಯ ತಿಂಗಳಲ್ಲೇ ನೋವು ಬಂದರೆ ಆಕೆಯ ಪಾಲಿಗೆ ತವರು ಇಲ್ಲ. ಪುತ್ತೂರೋ ಮಂಗಳೂರೋ ಅಷ್ಟೇ. ತಿಂಗಳಾನುಗಟ್ಟಲೆ ಎನ್‌ಐಸಿಯುದಲ್ಲಿದ್ದ ಮಗುವನ್ನು ಎತ್ತಿಕೊಂಡು ಅವರು ಹಿಂತಿರುಗುವುದು ಅಜ್ಜಿಯಿಲ್ಲದ ಮನೆಗೆ.

ಕಳೆದ ಮಳೆಗಾಲದ ಒಂದು ರಾತ್ರಿ ಶ್ರೀಮಠದ ಕಾರ್ಯಾಲಯಕ್ಕೆ ಬಾಗಲಕೋಟೆ ಜಿಲ್ಲೆಯ ತಾಯಿಯೊಬ್ಬರು ಕರೆ ಮಾಡಿದ್ದರು. ಮೊಮ್ಮಗುವಿಗೆ ಉಸಿರು ಕಟ್ಟುತ್ತಿದೆ, ಮಗನೂ ಸೊಸೆಯೂ ಕಡಬದ ಕಡೆ ಇದ್ದಾರೆ. "ಯಪ್ಪಾ, ಅಲ್ಲಿ ನಮ್ಮಾವ್ರು ಅಂತ ಯಾರರ ಅದಾರೇನ್ರಿ? ಒಂದು ಗಾಡಿ ಸಿಕ್ಕರ ಸಾಕು" ಎಂಬುದಷ್ಟೇ ಅವರ ಕೇಳಿಕೆ. ವೈದ್ಯರ ಹೆಸರನ್ನಲ್ಲ, ಹಣವನ್ನಲ್ಲ, ಒಂದು ಗಾಡಿಯನ್ನು, 'ನಮ್ಮವರು' ಎನ್ನಬಹುದಾದ ಒಬ್ಬರನ್ನು ಕೇಳಿದರು. ಆ ರಾತ್ರಿ ನೆರೆಮನೆಯ ಮುಸ್ಲಿಂ ಕುಟುಂಬದ ಜೀಪು ಆ ಮಗುವನ್ನು ಆಸ್ಪತ್ರೆಗೆ ಮುಟ್ಟಿಸಿತು, ಮಗು ಉಳಿಯಿತು. ನಮ್ಮವರು ಯಾರು ಎಂಬ ಪ್ರಶ್ನೆಗೆ ಹನ್ನೆರಡನೆಯ ಶತಮಾನದ ಶರಣರು ಕೊಟ್ಟ ಉತ್ತರ ಆ ಜೀಪಿನವರಿಗೆ ಪಾಠ ಮಾಡದೆಯೇ ಗೊತ್ತಿತ್ತು. ಆದರೆ ಪ್ರತಿ ಮನೆಯ ಪಕ್ಕದಲ್ಲೂ ಜೀಪಿರುವುದಿಲ್ಲ.

ಭಾರತದಲ್ಲಿ 2020ರ ಮಾದರಿ ನೋಂದಣಿ ವ್ಯವಸ್ಥೆಯ ಲೆಕ್ಕದಂತೆ ಸಾವಿರ ಜೀವಂತ ಜನನಗಳಿಗೆ 28 ಶಿಶುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು; ಅವುಗಳಲ್ಲಿ 20 ಸಾವು ಮೊದಲ ನಾಲ್ಕು ವಾರಗಳಲ್ಲೇ. ಅಂದರೆ ಮಗು ಹುಟ್ಟಿದ ಮೇಲಿನ ಒಂದು ತಿಂಗಳು, ಉಳಿದ ಹನ್ನೊಂದು ತಿಂಗಳಿಗಿಂತ ಕಠಿಣ. ಅವಧಿಪೂರ್ವ ಶಿಶುವಿಗೆ ಈ ಕಠಿಣ ಕಾಲ ಇನ್ನೂ ಉದ್ದ. ಇಂಥ ಮಗುವನ್ನು ಆಸ್ಪತ್ರೆಯಿಂದ ಮನೆಗೆ ಕಳುಹಿಸಿದರೆಂದರೆ ಗುಣವಾಯಿತು ಎಂದಲ್ಲ; ಇನ್ನು ಮನೆಯಲ್ಲಿ ನೋಡಿಕೊಳ್ಳಬಹುದು ಎಂದಷ್ಟೇ. ಈ ಭೇದ ತಿಳಿಯದ ಬಂಧುಗಳು ನಾಮಕರಣಕ್ಕೆಂದು ಐವತ್ತು ಜನ ಬಂದು ಮಗುವನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಕೆಮ್ಮಿರುವ ಒಬ್ಬ ಸೋದರಮಾವ ಸಾಕು ಆ ಮಗು ಮತ್ತೆ ಆಸ್ಪತ್ರೆ ಸೇರಲು.

ತಾಯಂದಿರು ಯಾವುದನ್ನು ಆಪತ್ತೆಂದು ಅರಿಯಬೇಕು? ವೈದ್ಯರು ಹೇಳುವ ಚಿಹ್ನೆಗಳು ಬಹಳವಿಲ್ಲ. ಹಾಲು ಕುಡಿಯುತ್ತಿದ್ದ ಮಗು ಕುಡಿಯುವುದನ್ನು ನಿಲ್ಲಿಸುವುದು. ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದೆ ಸೋತುಹೋದಂತಿರುವುದು. ಉಸಿರಾಡುವಾಗ ಎದೆಯ ಕೆಳಭಾಗ ಒಳಕ್ಕೆ ಸೇದಿಕೊಳ್ಳುವುದು, ಪ್ರತಿ ಉಸಿರಿಗೂ ನರಳುವಂಥ ಸದ್ದು. ಎರಡು ತಿಂಗಳೊಳಗಿನ ಮಗು ಶಾಂತವಾಗಿರುವಾಗ ಒಂದು ಪೂರ್ಣ ನಿಮಿಷ ಎಣಿಸಿದರೆ 60 ಅಥವಾ ಅದಕ್ಕೂ ಹೆಚ್ಚು ಉಸಿರು. ನಾಲಿಗೆ ಮತ್ತು ತುಟಿಯ ಒಳಭಾಗ ನೀಲಿಯಾಗುವುದು. ನಮ್ಮ ಮೈಬಣ್ಣದ ಮಕ್ಕಳಲ್ಲಿ ಚರ್ಮವನ್ನು ನೋಡಿದರೆ ಇದು ತಿಳಿಯದು, ಬಾಯಿಯನ್ನೇ ನೋಡಬೇಕು. ಸೆಳವು. ಜ್ವರ. ಜ್ವರದಷ್ಟೇ ಅಪಾಯಕಾರಿಯಾದದ್ದು ಮೈ ತಣ್ಣಗಾಗುವುದು. ಇದನ್ನು ಮಾತ್ರ ಬಹಳ ಮಂದಿ ಅರಿಯರು. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗು ಚಳಿಯೊಡನೆ ಹೋರಾಡುತ್ತಿದೆ. ಹೊಟ್ಟೆಯೂ ತಣ್ಣಗಾಗಿದ್ದರೆ ಸೋಲುತ್ತಿದೆ. ಥರ್ಮಾಮೀಟರ್ ಇಲ್ಲದಿದ್ದರೂ ಅಂಗೈಯ ಹಿಂಬದಿಯಿಂದ ಇದನ್ನು ತಿಳಿಯಬಹುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು.

ಹೊರಡುವಾಗ ಎತ್ತ ಹೋಗುವುದು? ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ದೊಡ್ಡ ಆಸ್ಪತ್ರೆಯ ಹೆಸರಿಗೆ ಮರುಳಾಗಿ, ದಾರಿಯಲ್ಲಿ ಸಿಗುವ ಆಮ್ಲಜನಕವನ್ನು ದಾಟಿ ಹೋಗಬಾರದು. ಸುಬ್ರಹ್ಮಣ್ಯದ ಕಡೆಯವರಿಗೆ ಮಂಗಳೂರಿಗಿಂತ ಸುಳ್ಯ ಹತ್ತಿರ. ಕಡಬದವರಿಗೆ ಮೊದಲು ಕಡಬದ ಆರೋಗ್ಯ ಕೇಂದ್ರ ಅಥವಾ ಪುತ್ತೂರು. ಅಲ್ಲಿ ಮಗುವಿನ ಉಸಿರು, ಮೈಶಾಖ, ರಕ್ತದ ಸಕ್ಕರೆ ಈ ಮೂರನ್ನು ಹಿಡಿದು ನಿಲ್ಲಿಸಿ, ಮುಂದಿನ ಆಸ್ಪತ್ರೆಗೆ ದೂರವಾಣಿ ಮಾಡಿ, ಬಳಿಕ ಕಳುಹಿಸುವುದು ಸರಿಯಾದ ಕ್ರಮ. ಹಾಗೆ ಹೋದ ಮಗು ಅರ್ಧ ಗಂಟೆ ತಡವಾಗಿ ತಲುಪಿದರೂ ಜೀವಂತವಾಗಿ ತಲುಪುತ್ತದೆ. ನೇರವಾಗಿ ಬಾಡಿಗೆ ಕಾರಿನಲ್ಲಿ ಎ.ಸಿ. ಹಾಕಿಕೊಂಡು ಎಂಬತ್ತು ಕಿಲೋಮೀಟರ್ ಓಡಿದ ಎಳೆಗೂಸು ತಣ್ಣಗಾಗಿ, ಸಕ್ಕರೆ ಇಳಿದು, ಬಾಗಿಲಲ್ಲಿ ಸ್ಟ್ರೆಚರಿಗೆ ಏರುವಾಗಲೇ ಅರ್ಧ ಸೋತಿರುತ್ತದೆ. ಉಸಿರಿಗೆ ಕಷ್ಟಪಡುತ್ತಿರುವ ಮಗುವಿಗೆ ದಾರಿಯಲ್ಲಿ ಒಳಲೆಯಿಂದ ಹಾಲು ಹನಿಸುವುದೂ ಅಪಾಯ. ಹಾಲು ಶ್ವಾಸಕೋಶಕ್ಕೆ ಇಳಿಯಬಹುದು. ಹಾಲು ಕೊಡಬೇಕೋ ಬೇಡವೋ ಎಂಬುದನ್ನು ಹೊರಡುವ ಮುನ್ನ ವೈದ್ಯರನ್ನು ಅಥವಾ ಆಂಬ್ಯುಲೆನ್ಸಿನ ಸಿಬ್ಬಂದಿಯನ್ನು ಕೇಳುವುದು ಒಳಿತು.

ಮೈಶಾಖದ ಮಾತು ಬಂದುದರಿಂದ ನಮ್ಮ ಧರ್ಮಕ್ಕೆ ನೇರವಾಗಿ ತಾಗುವ ಸಂಗತಿಯೊಂದನ್ನು ಹೇಳಬೇಕು. 1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ, ಮಕ್ಕಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಹೋದಾಗ, ವೈದ್ಯರು ಕೂಸುಗಳನ್ನು ತಾಯಿಯ ಬರಿಯೆದೆಗೆ ಕಟ್ಟಿಬಿಟ್ಟರು. ಅದೇ ಇಂದು ಕಾಂಗರೂ ತಾಯಿ ಆರೈಕೆ ಎಂದು ಹೆಸರಾಗಿದೆ. 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಪಾಲ್ಗೊಂಡಿತ್ತು. ಹುಟ್ಟಿದ ಕೂಡಲೇ ಈ ಆರೈಕೆ ಆರಂಭಿಸಿದ ಕಡಿಮೆ ತೂಕದ ಶಿಶುಗಳಲ್ಲಿ ಸಾವು ನೂರಕ್ಕೆ 25ರಷ್ಟು ಕಡಿಮೆಯಾದುದು ಕಂಡುಬಂತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಇದನ್ನು ಸರ್ಕಾರಿ ಆಸ್ಪತ್ರೆಗಳಿಂದ ಮನೆಯವರೆಗೆ ವಿಸ್ತರಿಸುವ ಕೆಲಸ ನಡೆದು, ಹೊರನಾಡಿನವರು ನೋಡಿ ಕಲಿಯುವಂತಾಯಿತು. ಎದೆಗೆ ಎದೆ ತಾಗಬೇಕು, ತಾಯಿಯೇ ಆಗಬೇಕೆಂದಿಲ್ಲ; ತಂದೆ, ಅಜ್ಜಿ, ಅತ್ತೆ ಯಾರಾದರೂ ಆದೀತು. ಉಸಿರು ಸ್ಥಿರವಾಗಿರುವ ಮಗುವನ್ನು ಆಸ್ಪತ್ರೆಗೆ ಒಯ್ಯುವಾಗಲೂ ಹೀಗೆಯೇ ಒಯ್ಯಬಹುದು. ವಾಹನದಲ್ಲಿ ಬೇರೆ ಯಂತ್ರವಿಲ್ಲದಿದ್ದಾಗ ಮಾನವದೇಹವೇ ಒಳ್ಳೆಯ ಯಂತ್ರ.

ಇದಕ್ಕೆ ಅಡ್ಡ ಬರುವುದು ಬಡತನಕ್ಕಿಂತ ಹೆಚ್ಚಾಗಿ ಮೈಲಿಗೆ. ಹಡೆದವಳನ್ನು ಮೂಲೆಯ ಕೋಣೆಯಲ್ಲಿರಿಸಿ, ಇಷ್ಟು ದಿನ ಮುಟ್ಟಬಾರದೆಂದು ದೂರವಿಡುವ ಮನೆಗಳು ಲಿಂಗಾಯತರಲ್ಲೂ ಇವೆ ಎಂಬುದನ್ನು ಮುಚ್ಚಿಟ್ಟು ಫಲವಿಲ್ಲ. ಜನನ, ಜಾತಿ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಪಂಚಸೂತಕಗಳನ್ನು ಶರಣರು ನಿರಾಕರಿಸಿ ಎಂಟು ಶತಮಾನಗಳು ದಾಟಿವೆ. ಅವುಗಳಲ್ಲಿ ಮೊದಲನೆಯದೇ ಜನನ ಸೂತಕ. ಅದನ್ನು ನಾವು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ಮನೆಗೆ ಬಂದು ಬಾಣಂತಿಯ ಕೋಣೆಯ ಹೊಸ್ತಿಲಲ್ಲಿ ನಿಲ್ಲುತ್ತೇವೆ. ತಂದೆಯಾದವನು ತನ್ನ ಕೂಸನ್ನು ಎದೆಗಪ್ಪಿ ಗಂಟೆಗಟ್ಟಲೆ ಕೂತರೆ 'ಗಂಡಸಾಗಿ ಇದೇನು' ಎಂದು ನಗುವವರು ಧರ್ಮವನ್ನೂ ಅರಿತಿಲ್ಲ, ವೈದ್ಯವನ್ನೂ ಅರಿತಿಲ್ಲ.

ಲಿಂಗಧಾರಣೆಯ ಬಗ್ಗೆಯೂ ಭಕ್ತರು ಆಗಾಗ ಕೇಳುತ್ತಾರೆ. ಮಗು ಎನ್‌ಐಸಿಯುದಲ್ಲಿದೆ, ಒಳಗೆ ದಾರ ಕಟ್ಟಲು ಬಿಡುವುದಿಲ್ಲ, ದೋಷವಾಗುವುದೇ ಎಂಬುದು ಅವರ ಅಳಲು. ಸೋಂಕಿನ ಮತ್ತು ಕೊರಳಿಗೆ ಸುತ್ತಿಕೊಳ್ಳುವ ಅಪಾಯಕ್ಕಾಗಿ ಆಸ್ಪತ್ರೆಯವರು ಬೇಡವೆನ್ನುತ್ತಾರೆ. ಅದು ಧರ್ಮದ ಮೇಲಿನ ಅನಾದರವಲ್ಲ. ಗುರುಗಳನ್ನು ಕೇಳಿದವರಿಗೆ ಸಿಗುವ ಉತ್ತರ ಸರಳ: ಮಗುವಿನ ಲಿಂಗ ತಾಯಿಯ ಬಳಿಯಿರಲಿ, ಮಗು ಮನೆಗೆ ಬಂದು ಗಟ್ಟಿಯಾದ ಮೇಲೆ ಸಂಸ್ಕಾರ ಆಗಲಿ. ವಿಭೂತಿಯನ್ನು ಪುಡಿ ಉದುರುವಂತೆ ಹಣೆಗೆ ಬಳಿಯುವುದೂ ಎಳೆಯ ಶ್ವಾಸಕೋಶಕ್ಕೆ ಒಳಿತಲ್ಲ. ಎರೆದ ಮೇಲೆ ಹಾಕುವ ಸಾಂಬ್ರಾಣಿ ಹೊಗೆ, ನಾಲಿಗೆಗೆ ನೆಕ್ಕಿಸುವ ಜೇನು, ಹೊಟ್ಟೆ ತೊಳೆಯಲೆಂದು ಹಾಕುವ ಹರಳೆಣ್ಣೆ ಇವು ಆರೋಗ್ಯವಂತ ಮಗುವಿಗೇ ಬೇಡವಾದವು. ನಾಜೂಕಿನ ಮಗುವಿಗಂತೂ ಬೇಡವೇ ಬೇಡ. ಹಿರಿಯ ತಾಯಂದಿರು ನೊಂದುಕೊಳ್ಳಬಾರದು. ಅವರು ಬೆಳೆಸಿದ ಮಕ್ಕಳಲ್ಲಿ ಬದುಕಿದವರು ನಾವು. ಬದುಕದವರ ಲೆಕ್ಕ ಯಾರೂ ಇಟ್ಟಿಲ್ಲ.

ಹರಕೆಯ ಮಾತೂ ಇದೆ. ಬಯಲುಸೀಮೆಯ ನಮ್ಮ ಅನೇಕ ಭಕ್ತರು ಕುಕ್ಕೆಗೂ ಧರ್ಮಸ್ಥಳಕ್ಕೂ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಭಕ್ತಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಆಮ್ಲಜನಕದಿಂದ ಹೊರಬಂದು ತಿಂಗಳಾಗದ ಕೂಸನ್ನು ಜುಲೈ ತಿಂಗಳಲ್ಲಿ ಶಿರಾಡಿ ಇಳಿಸಿ ತರುವುದು ಭಕ್ತಿಯಲ್ಲ. ಹರಕೆ ಕಾಯುತ್ತದೆ, ಮಗುವಿನ ವೈದ್ಯರು ಹೂಂ ಎಂದ ಮೇಲೆ ಬರಬಹುದು.

ಆಸ್ಪತ್ರೆಯ ಒಳಗಿನ ಕಷ್ಟ ಬೇರೆಯದೇ ಬಗೆ. ಗಾಜಿನಾಚೆ ಮಗು, ಈಚೆ ತಾಯಿ. ಮೈಯಲ್ಲಿ ಹೆರಿಗೆಯ ನೋವು ಆರಿರುವುದಿಲ್ಲ, ಎದೆಯಲ್ಲಿ ಹಾಲು ಕಟ್ಟಿರುತ್ತದೆ, ಕೂರಲು ಕುರ್ಚಿ ಇರುವುದಿಲ್ಲ. 'ನಿನ್ನಿಂದಲೇ ಹೀಗಾಯಿತು' ಎನ್ನುವ ಒಂದು ಮಾತು ಫೋನಿನಲ್ಲಿ ಬಂದರೆ ಆಕೆ ಅಲ್ಲೇ ಕುಸಿಯುತ್ತಾಳೆ. ಅವಧಿಪೂರ್ವ ಹೆರಿಗೆಗೆ ತಾಯಿ ತಿಂದದ್ದು, ನಡೆದದ್ದು, ನೋಡಿದ ಗ್ರಹಣ ಕಾರಣವಲ್ಲ. ಎಷ್ಟೋ ಸಲ ಕಾರಣ ವೈದ್ಯರಿಗೇ ಸಿಗುವುದಿಲ್ಲ. ತಂದೆಯಾದವನು ಔಷಧಿ ಚೀಟಿ, ಬಿಲ್ಲು, ರಜೆಯ ಅರ್ಜಿಗಳ ನಡುವೆ ಓಡುತ್ತಿರುತ್ತಾನೆ. ಅವನನ್ನು ಊಟ ಮಾಡಿದೆಯಾ ಎಂದು ಕೇಳುವವರೂ ಇರುವುದಿಲ್ಲ.

ಹಕ್ಕುಗಳನ್ನು ತಿಳಿದವರು ಕಡಿಮೆ. 2011ರ ಜೂನ್‌ನಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಒಂದು ವರ್ಷದೊಳಗಿನ ಅಸ್ವಸ್ಥ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ, ಪರೀಕ್ಷೆ, ರಕ್ತ, ಸಾಗಾಟ ಉಚಿತ. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು, ತುರ್ತು ಸ್ಥಿತಿಗೆ ವಿನಾಯಿತಿ ಇದೆ. ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿರೆಂದು ಮೇಲೆ ಹೇಳಿದ್ದಕ್ಕೆ ಈ ಶಿಫಾರಸು ಪತ್ರವೂ ಒಂದು ಕಾರಣ. ಹುಟ್ಟಿದ ಹೊಸದರಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಆರೇಳು ಸಲ ಬರಬೇಕೆಂಬ ನಿಯಮವಿದೆ. ಬಾಡಿಗೆ ಮನೆಯ ಪರಊರಿನ ದಂಪತಿ ಆಕೆಯ ಪಟ್ಟಿಯಲ್ಲಿ ಬಿಟ್ಟುಹೋಗುವುದುಂಟು. ಆದ್ದರಿಂದ ಗರ್ಭಿಣಿಯಾದಾಗಲೇ ಹೆಸರು ಬರೆಸಿ ತಾಯಿ ಕಾರ್ಡ್ ಪಡೆಯಬೇಕು. ಆ ಕಾರ್ಡು, ಬಿಡುಗಡೆ ಪತ್ರ, ಮಗುವಿನ ಕೊನೆಯ ತೂಕ, ಕೊಡುತ್ತಿರುವ ಔಷಧಿಗಳ ಹೆಸರು, ರೇಷನ್ ಕಾರ್ಡು ಇಷ್ಟನ್ನು ಒಂದು ಚೀಲದಲ್ಲಿಟ್ಟು ಬಾಗಿಲ ಬಳಿ ನೇತುಹಾಕಿ, ಫೋನಿನಲ್ಲೂ ಚಿತ್ರ ತೆಗೆದಿಟ್ಟುಕೊಂಡರೆ, ರಾತ್ರಿ ಎರಡು ಗಂಟೆಗೆ ಪಾಳಿಯ ವೈದ್ಯರ ಹತ್ತು ನಿಮಿಷ ಉಳಿಯುತ್ತದೆ. ಶಿಶುವಿಗೆ ಔಷಧಿಯ ಪ್ರಮಾಣ ನಿಲ್ಲುವುದೇ ತೂಕದ ಮೇಲೆ.

ಸರ್ಕಾರದಿಂದ ಕೇಳಬೇಕಾದದ್ದನ್ನೂ ಕೇಳಲೇಬೇಕು. 2008ರಲ್ಲಿ ಆರಂಭವಾದ 108 ಸೇವೆ ಲಕ್ಷಾಂತರ ಜೀವಗಳಿಗೆ ಆಸರೆಯಾಗಿದೆ; ಆದರೆ 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ದೋಷದಿಂದ ಆ ಸಂಖ್ಯೆ ರಾಜ್ಯಾದ್ಯಂತ ತೊಡಕಿಗೆ ಸಿಲುಕಿದಾಗ ಬೇರೆ ದಾರಿ ಯಾರ ಬಳಿಯೂ ಇರಲಿಲ್ಲ. ಕಾಲುಸಂಕಗಳಿಗೆ ಬದಲಾಗಿ ಜೀಪು ದಾಟುವಷ್ಟು ಅಗಲದ ಕಿರುಸೇತುವೆ, ಪುತ್ತೂರು ಮತ್ತು ಸುಳ್ಯದ ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿಯೂ ಶಿಶುವೈದ್ಯರು, ಎಳೆಗೂಸಿನ ಮುಖಕ್ಕೆ ಹೊಂದುವ ಆಮ್ಲಜನಕದ ಮಾಸ್ಕ್ ಇರುವ ಆಂಬ್ಯುಲೆನ್ಸ್ ಇವು ವೈದ್ಯಕೀಯ ಕಾಲೇಜಿನ ಘೋಷಣೆಯಷ್ಟು ಸದ್ದು ಮಾಡುವ ಬೇಡಿಕೆಗಳಲ್ಲ. ಶಾಸಕರ ಮುಂದೆ ಇಡಲು ಇವೇ ತಕ್ಕವು.

ಮಠಗಳ ಕೆಲಸವೇನು? ಬೆಳಗಾವಿಯ ಕೆ.ಎಲ್.ಇ., ಮೈಸೂರಿನ ಜೆ.ಎಸ್.ಎಸ್., ವಿಜಯಪುರದ ಬಿ.ಎಲ್.ಡಿ.ಇ., ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ, ಕಲಬುರಗಿಯ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹೀಗೆ ನಮ್ಮ ಸಮಾಜದ ಸಂಸ್ಥೆಗಳು ಕಟ್ಟಿದ ಆಸ್ಪತ್ರೆಗಳ ಸಾಲು ದೊಡ್ಡದು. ಎಲ್ಲವೂ ಘಟ್ಟದ ಮೇಲಿವೆ. ಕರಾವಳಿಯಲ್ಲಿ ಇನ್ನೊಂದು ಆಸ್ಪತ್ರೆ ಕಟ್ಟಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿ ಕೊರತೆಯಿರುವುದು ಕಟ್ಟಡಕ್ಕಲ್ಲ. ದಾಸೋಹವೆಂದರೆ ಅನ್ನದ ಪಂಕ್ತಿ ಮಾತ್ರವೆಂದು ನಾವು ರೂಢಿ ಮಾಡಿಕೊಂಡಿದ್ದೇವೆ. ಮಂಗಳೂರಿನಲ್ಲಿ ಮಗು ಒಳಗಿರುವಷ್ಟು ದಿನ ತಾಯಿಗೆ ಮಲಗಲು ಒಂದು ಕೋಣೆ, ಬಿಸಿ ರೊಟ್ಟಿ ಮತ್ತು ಪಲ್ಯ, ಉತ್ತರ ಕರ್ನಾಟಕದ ಮಾತಿನಲ್ಲಿ ಅವಳೊಡನೆ ಅರ್ಧ ಗಂಟೆ ಕೂರುವ ಹಿರಿಯ ಹೆಣ್ಣುಮಗಳೊಬ್ಬಳು ಇವೂ ದಾಸೋಹವೇ. ರಾತ್ರಿ ಗಾಡಿ ತೆಗೆಯುವುದೂ ದಾಸೋಹವೇ.

ಪೂಜ್ಯರ ಅಪ್ಪಣೆಯಂತೆ ಶ್ರೀಮಠದ ಕಾರ್ಯಾಲಯದಲ್ಲಿ ಈ ಮೂರು ತಾಲ್ಲೂಕುಗಳಿಗಾಗಿ ಒಂದು ದಾಖಲೆ ಪುಸ್ತಕವನ್ನು ತೆರೆಯಲಾಗಿದೆ. ಪುತ್ತೂರು, ಸುಳ್ಯ, ಕಡಬಗಳಲ್ಲಿ ವಾಸವಿರುವ ಭಕ್ತರು, ಯಾವ ಸಮುದಾಯದವರಾದರೂ ಸರಿ, ರಾತ್ರಿ ಕರೆ ಬಂದರೆ ಹೊರಡಬಲ್ಲವರು ತಮ್ಮ ಹೆಸರು, ಗ್ರಾಮ, ದೂರವಾಣಿ, ವಾಹನ ಯಾವುದು, ರಕ್ತದ ಗುಂಪು ಯಾವುದು ಎಂಬುದನ್ನು ಬರೆಸಬಹುದು. ಮನೆಯಲ್ಲಿ ನಾಜೂಕಿನ ಮಗುವಿರುವವರೂ ತಮ್ಮ ಗ್ರಾಮ ಮತ್ತು ಮನೆಯ ಗುರುತನ್ನು, ಹಳ್ಳಕ್ಕೆ ಸಂಕವಿದ್ದರೆ ಅದನ್ನೂ ತಿಳಿಸಿರಬೇಕು. ಕತ್ತಲಲ್ಲಿ ಬರುವವರಿಗೆ ಜೀಪನ್ನು ಎಲ್ಲಿಯವರೆಗೆ ತರಬಹುದೆಂದು ಮೊದಲೇ ಗೊತ್ತಿರಬೇಕಲ್ಲವೇ. ಈ ಮಳೆಗಾಲ ಹಿಡಿಯುವ ಮೊದಲೇ ಹೆಸರುಗಳು ಬಂದರೆ ಅನುಕೂಲ.